ಮೂರು ಗಂಟು ಬೀಳುವ ತನಕ

ನನ್ನ ಮೊಬೈಲಿಗೆ ಈಚೆಗೆ ನನ್ನ ಗುರುತು ಸಿಗುತ್ತಿಲ್ಲ. ಎಡಗೈ ತೋರುಬೆರಳನ್ನು ಎಷ್ಟು ಒತ್ತಿದರೂ ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತದೆ. ಅದರದ್ದೇನೂ ತಪ್ಪಿಲ್ಲ. ನನ್ನ ಬೆರಳ ತುದಿಗಳು ಜಡ್ಡುಗಟ್ಟಿವೆ. ಇದನ್ನು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬವೂ ಬರುತ್ತದೆ, ಏಕೆಂದರೆ ನಮ್ಮ ಮನೆತನದಲ್ಲಿ ಕೈ ಜಡ್ಡುಗಟ್ಟದೆ ಉಳಿದಿದ್ದವನು ನಾನೊಬ್ಬನೇ. ಅಜ್ಜನಿಗೆ ನೇಗಿಲು ಹಿಡಿದು, ಅಪ್ಪನಿಗೆ ಗುದ್ದಲಿ ಹಿಡಿದು, ಅವ್ವನಿಗೆ ಕುಡುಗೋಲು ಹಿಡಿದು ಕೈ ಗಟ್ಟಿಯಾಗಿತ್ತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತ ಸೀಮೆಸುಣ್ಣ ಹಿಡಿದವನು. ಸೀಮೆಸುಣ್ಣದಿಂದ ಯಾರ ಕೈಯಾದರೂ ಜಡ್ಡುಗಟ್ಟಿದ್ದನ್ನು ನಾನು ಕಂಡಿಲ್ಲ. ಕೊನೆಗೆ ನಿವೃತ್ತಿಯಾದ ಮೇಲೆ, ಅರವತ್ತರ ಹೊಸ್ತಿಲು ದಾಟಿ, ನಾನೂ ನಮ್ಮವರ ಸಾಲಿಗೆ ಸೇರಿದೆ. ಅದು ಗಿಟಾರಿನಿಂದ ಎಂದು ಹೇಳಿದರೆ ಅಜ್ಜ ಏನೆನ್ನುತ್ತಿದ್ದನೋ ಗೊತ್ತಿಲ್ಲ.

ಗಿಟಾರಿನಲ್ಲೂ ನಾನು ಕಲಿಯಹೊರಟದ್ದು ಸಾಧಾರಣವಾದದ್ದಲ್ಲ. ಅದನ್ನು ಸರ್ಫ್ ಸಂಗೀತ ಎನ್ನುತ್ತಾರೆ. ನಾನು ಹುಟ್ಟುವ ಹೊತ್ತಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಹುಡುಗರು ಹಗಲೆಲ್ಲ ಹಲಗೆಯ ಮೇಲೆ ನಿಂತು ಸಮುದ್ರದ ಅಲೆಗಳನ್ನು ಏರಿ ಇಳಿದು, ಸಂಜೆಯಾದರೆ ಅದೇ ಏರಿಳಿತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಿಡಿಯಲು ಹೋದರಂತೆ. ಹಾಡಿಲ್ಲ, ಮಾತಿಲ್ಲ. ದಪ್ಪ ತಂತಿಯ ಮೇಲೆ ಪಿಕ್ಕನ್ನು, ಅಂದರೆ ಮೀಟುವ ಬಿಲ್ಲೆಯನ್ನು, ಬಿಡುವಿಲ್ಲದೆ ಮೇಲಕ್ಕೂ ಕೆಳಕ್ಕೂ ಆಡಿಸುವುದು, ಅದರ ಸದ್ದು ನೀರಿನೊಳಗಿಂದ ಬಂದಂತೆ ತೇವ ತೇವವಾಗಿ ಕೇಳುವುದು, ಇಷ್ಟೇ ಅದರ ಗುಟ್ಟು. ತೇವಕ್ಕಾಗಿ ಧ್ವನಿವರ್ಧಕದ ಪೆಟ್ಟಿಗೆಯೊಳಗೆ ಒಂದು ಉದ್ದನೆಯ ಸ್ಪ್ರಿಂಗನ್ನು ಕಟ್ಟಿರುತ್ತಾರೆ. ಸದ್ದು ಅದರ ಮೇಲೆ ಓಡಾಡಿ ನಡುಗಿ ಹೊರಗೆ ಬರುತ್ತದೆ.

ಈ ವಿದ್ವತ್ತನ್ನೆಲ್ಲ ನಾನು ಅಕ್ಕನಿಗೆ ವಿವರಿಸಿದ್ದೆ. ನಕಾಶೆಯ ಮೇಲೆ ಆ ಕರಾವಳಿಯನ್ನೂ ತೋರಿಸಿದ್ದೆ. ಮಕ್ಕಳಿಗೆ ಮೂವತ್ತು ವರ್ಷ ಉಬ್ಬರವಿಳಿತ ಹೇಳಿಕೊಟ್ಟವನಿಗೆ ಅಂಥ ಅವಕಾಶ ಸಿಕ್ಕರೆ ಬಿಡಲಾಗುತ್ತದೆಯೇ? ಅಕ್ಕ ಎಲ್ಲ ಕೇಳಿ, ಹಲಗೆ ಮೇಲೆ ನಿಲ್ಲೋದು ಅಂದರೆ ಗದ್ದೆ ಸಮ ಮಾಡುವಾಗ ಎತ್ತಿನ ಹಿಂದೆ ನಿಲ್ಲುವ ಹಾಗೆಯೇ ಎಂದು ಕೇಳಿದಳು. ಇಲ್ಲ ಎನ್ನಹೊರಟವನಿಗೆ ನಮ್ಮ ಗದ್ದೆಯೇ ನೆನಪಾಯಿತು. ಕೆಸರು ಗದ್ದೆಯಲ್ಲಿ ಹಲಗೆ ಹೊಡೆಯುವಾಗ ಅಪ್ಪ ನನ್ನನ್ನೂ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ. ಎತ್ತುಗಳು ಎಳೆಯುತ್ತಿದ್ದವು, ಹಲಗೆ ಕೆಸರ ಮೇಲೆ ಜಾರುತ್ತಿತ್ತು, ಮುಂದೊಂದು ಸಣ್ಣ ಅಲೆ ಏಳುತ್ತಿತ್ತು. ಅಮೆರಿಕದವರು ಅದಕ್ಕೊಂದು ಸಂಗೀತ ಮಾಡಿಕೊಂಡರು, ನಾವು ಭತ್ತ ನೆಟ್ಟೆವು.

ಸಮುದ್ರದಿಂದ ಇಷ್ಟು ದೂರದ ನಮ್ಮ ಮನೆಗೆ ಆ ಸಂಗೀತ ಬಂದದ್ದು ಚಿಕ್ಕಪ್ಪನಿಂದ. ತಾಳಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಲ ಬಿಟ್ಟು ಗಿಟಾರ್ ಹಿಡಿದ ಮೊದಲ ಮನುಷ್ಯ ಅವನು. ಬಹುಶಃ ಕೊನೆಯವನೂ ಇರಬೇಕು. ಗಣೇಶನ ಹಬ್ಬದ ಕಾಲದಲ್ಲಿ ಊರೂರು ತಿರುಗುತ್ತಿದ್ದ ಒಂದು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ಗಾಯಕರು ನೀರು ಕುಡಿಯಲು ಹೋದಾಗ ವೇದಿಕೆ ಖಾಲಿ ಬೀಳಬಾರದೆಂದು ಒಂಟಿಯಾಗಿ ಏನಾದರೂ ಬಾರಿಸುವುದು ಅವನ ಪಾಲಿಗೆ ಬಂದ ಕೆಲಸ. ಅದಕ್ಕೆ ಅವನು ಆರಿಸಿಕೊಂಡದ್ದು ಈ ಒಂದು ತುಣುಕು. ಹುಬ್ಬಳ್ಳಿಯ ಯಾವುದೋ ವಾದ್ಯದಂಗಡಿಯಲ್ಲಿ ಗ್ರಾಮಫೋನ್ ತಟ್ಟೆಯ ಮೇಲೆ ಕೇಳಿ, ಅಂಗಡಿಯವನನ್ನು ಕಾಡಿ ಬೇಡಿ ಕ್ಯಾಸೆಟ್ಟಿಗೆ ಹಾಕಿಸಿಕೊಂಡು ಬಂದಿದ್ದ. ಹೆಸರೇನೆಂದು ಕೇಳಿದರೆ ಇಂಗ್ಲಿಷ್ ಪೀಸು ಎನ್ನುತ್ತಿದ್ದ.

ಆ ತಟ್ಟೆಗೆ ನಡುವೆ ಒಂದು ಗೀರು ಬಿದ್ದಿತ್ತು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಸಂಗೀತ ಅರ್ಧಕ್ಕೆ ಬಂದಾಗ ಮುಳ್ಳು ಹಾರಿ ಮತ್ತೆ ಮೊದಲಿಗೇ ಬರುತ್ತಿತ್ತು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೂ ಅದೇ ಅರ್ಧ ಸುತ್ತಿ ಸುತ್ತಿ ಬಂದಿತ್ತು. ಚಿಕ್ಕಪ್ಪ ಅದನ್ನು ಅಷ್ಟೇ ಶ್ರದ್ಧೆಯಿಂದ ಸುತ್ತಿ ಸುತ್ತಿ ಕಲಿತ. ಈ ಪೀಸಿಗೆ ಕೊನೆಯೇ ಇಲ್ಲ, ಅದೇ ಅದರ ವಿಶೇಷ ಎಂದು ನಮಗೂ ಹೇಳಿದ. ನಾವು ನಂಬಿದೆವು. ಗಾಯಕರು ನೀರು ಕುಡಿದು ಬರುವ ತನಕ ಬಾರಿಸಬೇಕಾದವನಿಗೆ ಅದಕ್ಕಿಂತ ಅನುಕೂಲವಾದ ಸಂಗೀತ ಬೇರೆ ಇರಲಿಕ್ಕಿಲ್ಲ.

ಅವನ ಬಳಿ ಸ್ಪ್ರಿಂಗಿನ ಪೆಟ್ಟಿಗೆ ಇರಲಿಲ್ಲ. ಹಗೇವು ಇತ್ತು. ಈಗಿನವರಿಗೆ ಹಗೇವು ಅಂದರೆ ಗೊತ್ತಾಗಲಿಕ್ಕಿಲ್ಲ. ಅಂಗಳದಲ್ಲಿ ನೆಲ ಅಗೆದು, ಒಳಗೆ ಹೂಜಿಯ ಹೊಟ್ಟೆಯಂತೆ ಅಗಲ ಮಾಡಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನೆಲದೊಳಗಿನ ಕಣಜ ಅದು. ನಮ್ಮದು ಖಾಲಿಯಾದ ಬೇಸಿಗೆಯಲ್ಲಿ ಚಿಕ್ಕಪ್ಪ ಸ್ಪೀಕರನ್ನು ಹಗ್ಗ ಕಟ್ಟಿ ಅದರೊಳಗೆ ಇಳಿಬಿಟ್ಟು ಮೇಲೆ ಕೂತು ಬಾರಿಸುತ್ತಿದ್ದ. ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯಬಾರದು, ಮೊದಲು ಲಾಟೀನು ಇಳಿಸಿ ಅದು ಆರದೆ ಉರಿಯುತ್ತದೆಯೇ ನೋಡಬೇಕು. ಅಜ್ಜಿ ಹಟಮಾಡಿ ಸ್ಪೀಕರಿಗೂ ಮೊದಲು ಲಾಟೀನನ್ನು ಇಳಿಸುತ್ತಿದ್ದಳು. ಸ್ಪೀಕರ್ ಉಸಿರಾಡುವುದಿಲ್ಲ ಎಂದರೆ, ಅಷ್ಟು ಕಿರುಚುವುದು ಉಸಿರಾಡದೆ ಇರುತ್ತದೆಯೇ ಎಂದು ಕೇಳುತ್ತಿದ್ದಳು. ಆ ಕತ್ತಲ ಹೊಟ್ಟೆಯಿಂದ ಗಿಟಾರಿನ ಸದ್ದು ತಂಪಾಗಿ ಸುತ್ತಿಕೊಂಡು ಮೇಲೆ ಬರುತ್ತಿತ್ತು. ನಾನೂ ಅಕ್ಕನೂ ಅದರ ಬಾಯಿಯ ಸುತ್ತ ಬೋರಲಾಗಿ ಮಲಗಿ ಕೇಳುತ್ತಿದ್ದೆವು. ಇವತ್ತಿಗೂ ಸಮುದ್ರ ಎಂದರೆ ನನಗೆ ಗೋಕರ್ಣದ ದಡಕ್ಕಿಂತ ಮೊದಲು ಆ ಹಗೇವಿನ ಒಣ ಜೋಳದ ವಾಸನೆ ನೆನಪಾಗುತ್ತದೆ. ಈಗ ಅಲ್ಲಿ ಅಂಗಳಕ್ಕೆಲ್ಲ ಕೆಂಪು ಸಿಮೆಂಟಿನ ಬಿಲ್ಲೆ ಹಾಸಿದ್ದಾರೆ. ಹೋದಾಗಲೆಲ್ಲ ಹಗೇವು ಎಲ್ಲಿತ್ತೆಂದು ಕಾಲಿನಿಂದ ತಟ್ಟಿ ನೋಡುತ್ತೇನೆ.

ಇಂಗ್ಲಿಷ್ ಪೀಸು ನಮ್ಮ ಮನೆಯ ಪೀಸು ಆದದ್ದು ಅಕ್ಕನ ಮದುವೆಯಲ್ಲಿ. ಗಂಡಿನವರು ಆನವಟ್ಟಿಯ ಕಡೆಯವರು. ವಾಲಗದವರನ್ನೂ ಅವರೇ ಗೊತ್ತು ಮಾಡಿದ್ದರು. ಗಂಡಿನ ಕಡೆಯವರೆಲ್ಲ ಲಾರಿಯಲ್ಲಿ ಹಿಂದಿನ ದಿನವೇ ಬಂದರು, ವಾಲಗದವರು ಬೆಳಗಿನ ಬಸ್ಸಿಗೆ ಬರುತ್ತೇವೆಂದವರು ಬರಲೇ ಇಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತೆಂದು ಆಮೇಲೆ ತಿಳಿಯಿತು. ಮುಹೂರ್ತ ಹತ್ತಿರ ಬಂತು. ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಮೇಳ ಎಲ್ಲಿ ಎಂದರು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಕೆಮ್ಮು, ಅಳು, ಯಾವ ಅಪಸ್ವರವೂ ಕಿವಿಗೆ ಬೀಳದಂತೆ ಗಟ್ಟಿಮೇಳ ಮುಚ್ಚಬೇಕು. ಮೂರನೇ ಗಂಟು ಬೀಳುವ ತನಕ ನಿಲ್ಲಬಾರದು. ಅಪ್ಪನ ಮುಖ ಬಿಳುಚಿಕೊಂಡದ್ದನ್ನು ನಾನು ನೋಡಿದೆ. ಆಗ ಚಿಕ್ಕಪ್ಪ ಸಂಜೆಯ ಕಾರ್ಯಕ್ರಮಕ್ಕೆಂದು ತಂದಿಟ್ಟಿದ್ದ ಗಿಟಾರನ್ನು ಮೈಕ್ ಸೆಟ್ಟಿಗೆ ಸಿಕ್ಕಿಸಿ, ಬೇವಿನ ಮರದ ಮೇಲೆ ಕಟ್ಟಿದ್ದ ಕಹಳೆ ಸ್ಪೀಕರಿನಿಂದ ಇಡೀ ಊರಿಗೆ ಕೇಳುವ ಹಾಗೆ, ತನಗೆ ಗೊತ್ತಿದ್ದುದರಲ್ಲಿ ಅತ್ಯಂತ ಜೋರಾದದ್ದನ್ನು ಬಾರಿಸಿದ. ಅಮೆರಿಕದ ಕಡಲ ತಡಿಯ ಹುಡುಗರ ಅಲೆಯ ಮೇಲೆ ನಮ್ಮ ಅಕ್ಕನ ಕೊರಳಿಗೆ ತಾಳಿ ಬಿತ್ತು. ಬಾವ ಗಂಟು ಹಾಕಲು ಸಾಕಷ್ಟು ತಡಮಾಡಿದರೂ ತೊಂದರೆಯಾಗಲಿಲ್ಲ, ಪೀಸಿಗೆ ಕೊನೆಯಿರಲಿಲ್ಲವಲ್ಲ.

ಪದ್ಧತಿಗಳು ಹೇಗೆ ಹುಟ್ಟುತ್ತವೆ ಎನ್ನುವುದನ್ನು ನಾನು ಕಣ್ಣಾರೆ ಕಂಡವನು. ಅಕ್ಕನ ಸಂಸಾರ ಚೆನ್ನಾಗಿ ಸಾಗಿತು. ಅಷ್ಟಕ್ಕೇ ಮುಂದಿನ ವರ್ಷ ದೊಡ್ಡಪ್ಪನ ಮಗಳ ಮದುವೆಯಲ್ಲಿ ವಾಲಗದವರು ಎದುರಿಗೇ ಕೂತಿದ್ದರೂ ತಾಳಿಯ ಹೊತ್ತಿಗೆ ಚಿಕ್ಕಪ್ಪನನ್ನೇ ಬಾರಿಸಲು ಹೇಳಿದರು. ಅದರ ಮುಂದಿನದಕ್ಕೆ ಹೇಳುವ ಅಗತ್ಯವೇ ಬೀಳಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ನೆಂಟರಲ್ಲಿ ಯಾರಾದರೂ ಇದೇನಿದು ಎಂದು ಕೇಳಿದರೆ, ನಮ್ಮ ಮನೆತನದ್ದು, ಹಿಂದಿನಿಂದ ಬಂದದ್ದು ಎಂಬ ಉತ್ತರ ಸಿದ್ಧವಾಗಿತ್ತು. ತಾಳಗುಂದದ ಶಾಸನದ ನೆರಳಿನಲ್ಲಿ ಬೆಳೆದವರು ನಾವು, ಹಿಂದಿನಿಂದ ಬಂದದ್ದು ಎಂಬ ಮಾತಿಗೆ ನಮ್ಮಲ್ಲಿ ಬೆಲೆ ಹೆಚ್ಚು. ಎಷ್ಟು ಹಿಂದಿನಿಂದ ಎಂದು ಯಾರೂ ಕೇಳುವುದಿಲ್ಲ.

ಬಾವನಂತೂ ಆ ಪೀಸನ್ನು ತನ್ನ ಆಸ್ತಿಯೆಂದೇ ತಿಳಿದಿದ್ದ. ಹೊಲದಿಂದ ಬೈಕಿನ ಮೇಲೆ ಬರುವಾಗ ಅದನ್ನೇ ಗುನುಗುತ್ತಿದ್ದ. ಗುನುಗುತ್ತಿದ್ದ ಎನ್ನುವುದು ಮರ್ಯಾದೆಯ ಮಾತು, ಬೈಕಿನ ಸದ್ದನ್ನೂ ಮೀರಿ ಕೂಗುತ್ತಿದ್ದ. ರಸ್ತೆಯ ತಿರುವಿನಲ್ಲಿ ಅದು ಕೇಳಿಸಿದರೆ ಅಕ್ಕ ಒಲೆಯ ಮೇಲೆ ಹೆಂಚಿಡುತ್ತಿದ್ದಳು. ಅವನು ಕೈಕಾಲು ತೊಳೆಯುವಷ್ಟರಲ್ಲಿ ರೊಟ್ಟಿ ಉಬ್ಬುತ್ತಿತ್ತು. ಬೈಕಿನ ಸದ್ದು ಮಾತ್ರ ಕೇಳಿ ಗುನುಗು ಕೇಳದಿದ್ದರೆ ಏನೋ ಆಗಿದೆಯೆಂದು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ನಾವೆಲ್ಲ ಅದನ್ನು ಹೇಳಿ ಅವಳನ್ನು ಛೇಡಿಸುತ್ತಿದ್ದೆವು. ಚಿಕ್ಕಪ್ಪ ಮಾತ್ರ ಛೇಡಿಸುತ್ತಿರಲಿಲ್ಲ, ಹೆಮ್ಮೆಪಡುತ್ತಿದ್ದ.

ಬಾವ ಹೋಗಿ ಈಗ ಕೆಲವು ವರ್ಷಗಳಾದವು. ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಸಹನಾಗೆ ಗಂಡು ಗೊತ್ತಾಯಿತು. ಆನವಟ್ಟಿಯ ಕಲ್ಯಾಣ ಮಂಟಪದಲ್ಲಿ ಮದುವೆ. ಅಕ್ಕ ನನ್ನನ್ನು ಕರೆಸಿಕೊಂಡು ಎದುರಿಗೆ ಕೂರಿಸಿ, ತಾಳಿಯ ಹೊತ್ತಿಗೆ ನಮ್ಮ ಪೀಸು ಬೇಕು ಎಂದಳು. ಎಂಬತ್ತರ ಹತ್ತಿರವಿದ್ದ ಚಿಕ್ಕಪ್ಪನ ಬೆರಳುಗಳು ಸಂಧಿವಾತದಿಂದ ಒಳಕ್ಕೆ ಮಡಚಿಕೊಂಡು ಎಷ್ಟೋ ಕಾಲವಾಗಿತ್ತು. ರೆಕಾರ್ಡ್ ಹಾಕಿಸೋಣ ಎಂದೆ. ಅಕ್ಕ ಒಪ್ಪಲಿಲ್ಲ. ಆಗ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನಾನು ಹಿಂದೆ ಉಗ್ರಾಣದಾಗೆ ಇರ್ತೀನಿ ಕಣೋ ಶಿವು, ಮುಂದೆ ಬರಲ್ಲ. ಯಾರೂ ಬ್ಯಾಡ ಅಂದಿಲ್ಲ, ನನಗೇ ಬ್ಯಾಡ ಅನ್ಸುತ್ತೆ. ಪೀಸು ಕೇಳಿದ್ರೆ ತಾಳಿ ಬಿತ್ತು ಅಂತ ನನಗೆ ಗೊತ್ತಾಗುತ್ತೆ. ಅಷ್ಟು ಕಿವಿಗೆ ಬಿದ್ರೆ ಸಾಕು."

ಹೀಗೆ ಹಿಂದೆ ಉಳಿಯುವುದನ್ನು ನಮ್ಮಲ್ಲಿ ಧರ್ಮ ಒಪ್ಪುವುದಿಲ್ಲ. ಗಂಡ ಸತ್ತವಳು ಮುಂದೆ ಬರಬಾರದು ಎಂದು ಯಾವ ಅಯ್ಯನವರೂ ಹೇಳಲಿಲ್ಲ, ಬೀಗರಂತೂ ಅವಳೇ ಬಂದು ಧಾರೆ ಎರೆದುಕೊಡಲಿ ಎಂದರು. ಸಹನಾ ಜಗಳವಾಡಿದಳು, ಅತ್ತಳು, ಮದುವೆಯೇ ಬೇಡ ಎಂದಳು. ಅಕ್ಕ ಜಗ್ಗಲಿಲ್ಲ. ಉಡುತಡಿ ನಮಗೆ ದೂರವೇನಲ್ಲ, ಅರಮನೆಯನ್ನೇ ಬಿಟ್ಟು ಹೊರಟುಹೋದ ಹೆಣ್ಣುಮಗಳ ಊರು ಅದು. ಅದರ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮ್ಮ ಅಕ್ಕ ಉಗ್ರಾಣ ಬಿಟ್ಟು ಬರಲೊಲ್ಲಳು. ಮಗಳ ತಾಳಿಯನ್ನು ಅವಳು ಕಿವಿಯಿಂದ ಮಾತ್ರ ನೋಡುವುದೆಂದು ತೀರ್ಮಾನವಾಯಿತು. ನನಗೆ ಬಹಳ ಸಂಕಟವಾಯಿತು. ಆ ಸಂಕಟಕ್ಕೇ ನಾನು ಬಾರಿಸುತ್ತೇನೆ ಎಂದುಬಿಟ್ಟೆ. ಆವರೆಗೆ ನಾನು ಬಾರಿಸಿದ್ದ ವಾದ್ಯವೆಂದರೆ ಶಾಲೆಯ ಗಂಟೆ ಒಂದೇ.

ಗುರು ಮನೆಯಲ್ಲೇ ಇದ್ದ. ಶಿಕಾರಿಪುರದ ನನ್ನ ಮನೆಯ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ ಚಿಕ್ಕಪ್ಪ, ಮೊದಲ ವಾರವೆಲ್ಲ ನನಗೆ ಎಡಗೈ ಮುಟ್ಟಿಸಲು ಬಿಡಲಿಲ್ಲ. ಬರೀ ದಪ್ಪ ತಂತಿ, ಬರೀ ಬಲಗೈ, ಮೇಲೆ ಕೆಳಗೆ. ಅವನ ಕಾಲದಲ್ಲಿ ಆ ಕೈ ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳು ಕದಡುವವನ ಕೈಯ ಹಾಗೆ ಓಡುತ್ತಿತ್ತು. ನನ್ನದು ಸೊಳ್ಳೆ ಓಡಿಸುವ ಹಾಗೆ ಓಡಿತು. ಭುಜ ಹಿಡಿಯಿತು, ಮೊಣಕೈ ಹಿಡಿಯಿತು. ಹೆಂಡತಿ ಎಣ್ಣೆ ತಿಕ್ಕುತ್ತ, ಈ ವಯಸ್ಸಿನಲ್ಲಿ ಬೇರೆಯವರು ಕಾಶಿಗೆ ಹೋಗುತ್ತಾರೆ ಎಂದಳು. ಎಡಗೈ ಸೇರಿದ ಮೇಲೆ ಇನ್ನೂ ಕಷ್ಟವಾಯಿತು. ಎಡಗೈ ಹೇಳಿದ್ದು ಬಲಗೈಗೆ ಕೇಳದು, ಬಲಗೈ ಓಡಿದಲ್ಲಿಗೆ ಎಡಗೈ ತಲುಪದು. ಜೋಡಿ ಎತ್ತುಗಳಲ್ಲಿ ಒಂದು ಹೊಲಕ್ಕೆ, ಒಂದು ಹಳ್ಳಕ್ಕೆ ಎಳೆದ ಹಾಗೆ.

ಬೆರಳ ತುದಿ ಉರಿದು, ಗುಳ್ಳೆಯೆದ್ದು, ಸಿಪ್ಪೆ ಸುಲಿದು, ಒಂದು ದಿನ ನಾನು ಗಿಟಾರನ್ನು ಕೆಳಗಿಟ್ಟು ಇದು ಸಮುದ್ರದವರ ಸಂಗೀತ, ನಮಗೆ ಒಲಿಯುವುದಲ್ಲ ಎಂದು ಚಿಕ್ಕಪ್ಪನಿಗೆ ಭೂಗೋಳ ಹೇಳಿದೆ. ಅವನು ಸುಮ್ಮನೆ ಕೇಳಿ, "ನಾನು ಸಮುದ್ರ ನೋಡಿ ಕಲ್ತೆನಾ? ಗದ್ದೆ ಹಲಗೆ ಮೇಲೆ ನಿಂತಿಲ್ಲೇನು ನೀನು? ಅಲ್ಲಿ ಹೆಂಗೆ ನಿಲ್ತಿದ್ದೆ, ಹಂಗ ನಿಲ್ಲು. ಗಟ್ಟಿ ನಿಂತ್ರೆ ಬೀಳ್ತೀಯ, ಸಡಿಲ ಬಿಟ್ರೆ ನಿಲ್ತೀಯ" ಎಂದ. ಮೊಣಕೈ ಸಡಿಲ ಬಿಟ್ಟೆ. ಅವತ್ತು ಮೊದಲ ಸಲ ಆ ತಂತಿಯಿಂದ ಒಂದು ಅಲೆಯಂಥದ್ದು ಎದ್ದಿತು. ಹಗೇವಿನ ಬಾಯಿಗೆ ಕಿವಿ ಕೊಟ್ಟು ಮಲಗಿದ್ದ ದಿನಗಳು ಒಮ್ಮೆಗೇ ಕಣ್ಣ ಮುಂದೆ ಬಂದವು, ತೋಳಿಗೆ ಮುಖ ಒರೆಸಿಕೊಂಡು ಮತ್ತೆ ಬಾರಿಸಿದೆ. ಚಿಕ್ಕಪ್ಪ ನೋಡದವನಂತೆ ರಸ್ತೆಯ ಕಡೆ ಮುಖ ಮಾಡಿಕೊಂಡ.

ಆದರೂ ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗಬೇಕು? ಅವನ ಪಾಠವೊಂದೇ ಸಾಲದೆಂದು ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ಹುಡುಕಿದೆ. ಆಗಲೇ ನನಗೆ ಪೀಸಿಗೆ ಉತ್ತರಾರ್ಧವೂ ಉಂಟೆಂದು ತಿಳಿದದ್ದು. ಅದೇ ನಿಜವಾಗಿ ಕಷ್ಟದ ಭಾಗ. ಬೆರಳುಗಳು ಸಣ್ಣ ತಂತಿಗಳ ಮೇಲೆ ಏಣಿ ಹತ್ತಬೇಕು. ನಾಲಿಗೆ ಕಚ್ಚಿಕೊಂಡು ಅದನ್ನು ತಿಂಗಳುಗಟ್ಟಲೆ ಕಲಿತೆ. ಚಿಕ್ಕಪ್ಪನಿಗೆ ಹೇಳದೆ, ಅವನು ಊಟ ಮಾಡಿ ಮಲಗಿದಾಗ, ಸ್ಪೀಕರಿಗೆ ಸಿಕ್ಕಿಸದೆ ಕಲಿತೆ. ಅಕ್ಕ ಬಂದ ದಿನ ಪೂರ್ತಿ ಬಾರಿಸಿ ತೋರಿಸಿದೆ. ಮೊದಲರ್ಧಕ್ಕೆ ಅವಳ ಮುಖ ಅರಳಿತು. ಎರಡನೆಯ ಅರ್ಧಕ್ಕೆ ಹುಬ್ಬು ಗಂಟಿಕ್ಕಿತು. ಇದ್ಯಾವುದು, ಇದು ನಮ್ಮದಲ್ಲ ಎಂದಳು. ನಿಜವಾದ ಪೀಸು ಇದೇ, ಚಿಕ್ಕಪ್ಪನ ತಟ್ಟೆಗೆ ಗೀರು ಬಿದ್ದಿತ್ತು ಎಂದು ವಿವರಿಸಿದೆ. ಇರಬಹುದು, ಆದರೆ ತನ್ನ ತಾಳಿ ಬಿದ್ದದ್ದು ಗೀರಿನ ಈಚೆಗೆ ಎಂದಳು. ತಿಂಗಳುಗಟ್ಟಲೆಯ ಶ್ರಮ ಅಲ್ಲಿಗೆ ಮುಗಿಯಿತು.

ಅವತ್ತು ಅಕ್ಕ ಇನ್ನೊಂದನ್ನೂ ಕಂಡುಹಿಡಿದಳು. ಹುಡುಗಿಯಾಗಿದ್ದಾಗ ಅವಳು ಸ್ವಲ್ಪ ದಿನ ಸಂಗೀತ ಕಲಿಯಲು ಹೋಗಿದ್ದಳು. ನಾನು ನಿಧಾನವಾಗಿ ಬಾರಿಸುತ್ತಿದ್ದಾಗ ತೊಡೆಯ ಮೇಲೆ ತಾಳ ಹಾಕುತ್ತ ಸ ರಿ ಗ ಮ ಎಂದು ಜೊತೆಗೇ ಹೇಳತೊಡಗಿದಳು. ಸ್ವರಗಳು ಹಲ್ಲಿಗೆ ಹಲ್ಲು ಕೂತ ಹಾಗೆ ಕೂತವು. ಮಾಯಾಮಾಳವಗೌಳ. ಸಂಗೀತ ಕಲಿಯಲು ಕೂತ ಮಗುವಿಗೆ ನಮ್ಮಲ್ಲಿ ಮೊಟ್ಟಮೊದಲು ಹೇಳಿಕೊಡುವ ರಾಗ. ಆಮೇಲೆ ಓದಿ ನೋಡಿದರೆ, ಆ ಧಾಟಿಯ ಮೂಲ ಅಮೆರಿಕದ್ದೂ ಅಲ್ಲ, ಅಲ್ಲಿಗೆ ವಲಸೆ ಹೋದವರು ಬಿಸಿಲು ದೇಶಗಳ ಕಡಲ ತಡಿಯಿಂದ ಒಯ್ದದ್ದಂತೆ. ಎಲ್ಲಿಂದಲೋ ಹೊರಟದ್ದು ಎಲ್ಲಿಗೋ ಹೋಗಿ, ಹುಬ್ಬಳ್ಳಿಯಲ್ಲಿ ಗೀರು ಬಿದ್ದು, ತಾಳಗುಂದದ ಹಗೇವಿಗೆ ಇಳಿದು, ಕೊನೆಗೆ ಅಕ್ಕನ ತೊಡೆಯ ಮೇಲೆ ಸರಳೆಯಾಗಿ ಕೂತಿತ್ತು. ಇಷ್ಟು ವರ್ಷ ಕೇಳಿಯೂ ತಿಳಿಯಲಿಲ್ಲವಲ್ಲ ಎಂದು ಅಕ್ಕ ನಕ್ಕಳು. ಬಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದನ್ನೇ ಹಿಡಿದು, ಮುಂದೆ ಬಂದು ನಿಲ್ಲೇ ಅಕ್ಕ ಎಂದೆ. ನಗು ನಿಂತಿತು. ಮಾತು ಬೇರೆ ಕಡೆ ತಿರುಗಿತು.

ಅಕ್ಕ ಮುಂದೆ ಬರಲೊಲ್ಲಳೆಂದು ಚಿಕ್ಕಪ್ಪನಿಗೆ ಹೇಳಿದೆ. ಗುನುಗು ಕೇಳದಿದ್ದರೆ ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದವಳು ಎಂದಷ್ಟೇ ಗೊಣಗಿದ. ಮುದುಕರು ಹಳೆಯದನ್ನು ನೆನೆಸಿಕೊಳ್ಳುವುದು ಸಹಜ ಎಂದುಕೊಂಡು ನಾನು ಮತ್ತೆ ತಂತಿಗೆ ಕೈ ಹಚ್ಚಿದೆ.

ಮದುವೆಯ ಬೆಳಿಗ್ಗೆ ಮಂಟಪದ ಪಕ್ಕದಲ್ಲಿ ನನಗೊಂದು ಜಾಗ ಮಾಡಿಕೊಟ್ಟಿದ್ದರು. ವಾಲಗದವರೂ ಬಂದಿದ್ದರು. ತಾಳಿಯ ಹೊತ್ತಿಗೆ ತಾವು ಸುಮ್ಮನಿರಬೇಕೆಂದು ಕೇಳಿ ಮುಖ ಊದಿಸಿಕೊಂಡಿದ್ದರು. ನಾನು ಎಲ್ಲವನ್ನೂ ಸಿಕ್ಕಿಸಿ, ಬಾರಿಸಿ ನೋಡಿ, ಗಿಟಾರಿನ ಮೈಮೇಲಿರುವ ವಾಲ್ಯೂಮಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಇಟ್ಟೆ. ಗಂಟಲು ಒಣಗಿತ್ತು. ವಾದ್ಯವನ್ನು ಚಿಕ್ಕಪ್ಪನ ತೊಡೆಯ ಮೇಲಿಟ್ಟು ನೀರು ಕುಡಿಯಲು ಹೋದೆ. ಹೋಗುವಾಗ ಉಗ್ರಾಣದೊಳಗೆ ಇಣುಕಿದೆ. ಅಕ್ಕ ಹೊಸ ಸೀರೆಯುಟ್ಟು, ಅಕ್ಕಿ ಚೀಲಗಳ ನಡುವೆ ಮಣೆ ಹಾಕಿಕೊಂಡು, ತಾಂಬೂಲದ ಎಲೆ ಕಟ್ಟು ಬಿಚ್ಚಿ ಜೋಡಿಸುತ್ತಿದ್ದಳು. ಬಾಗಿಲು ಮುಚ್ಚಬೇಡ, ಸರಿಯಾಗಿ ಕೇಳಬೇಕು ಎಂದಳು.

ಬಂದು ಗಿಟಾರ್ ಹೆಗಲಿಗೇರಿಸಿಕೊಂಡೆ. ಸಹನಾ ತಲೆ ತಗ್ಗಿಸಿ ಕೂತಿದ್ದಳು. ಅಳುತ್ತಿದ್ದಾಳೆಂದು ಭುಜ ನೋಡಿದರೇ ತಿಳಿಯುತ್ತಿತ್ತು. ಅಯ್ಯನವರು ಕೈಯೆತ್ತಿದರು. ಮದುಮಗ ತಾಳಿ ಹಿಡಿದು ಎದ್ದ. ನಾನು ಕಣ್ಣು ಮುಚ್ಚಿ, ಮೊಣಕೈ ಸಡಿಲ ಬಿಟ್ಟು, ಒಂದು ವರ್ಷದ ಸಾಧನೆಯನ್ನೆಲ್ಲ ಒಟ್ಟುಗೂಡಿಸಿ ಬಾರಿಸಿದೆ.

ಏನೂ ಕೇಳಿಸಲಿಲ್ಲ. ಒಣ ತಂತಿಯ ಟಿಕಟಿಕ, ಅದೂ ನನಗೆ ಮಾತ್ರ. ವೈರು ಜಗ್ಗಿದೆ, ಸ್ವಿಚ್ಚು ನೋಡಿದೆ, ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು. ಹೊಸದಾಗಿ ಕಲಿತವನಿಗೆ ಗಾಬರಿಯಾದರೆ ಕಣ್ಣೆದುರು ಇದ್ದದ್ದು ಕಾಣುವುದಿಲ್ಲ. ಮೇಳವಿಲ್ಲದೆ ತಾಳಿ ಕಟ್ಟಬಾರದೆಂದು ಅಯ್ಯನವರು ಮದುಮಗನ ಕೈ ಹಿಡಿದು ನಿಲ್ಲಿಸಿದರು. ವಾಲಗದವರು ಬೇಕಾದರೆ ತಾವಿದ್ದೇವೆ ಎನ್ನುವಂತೆ ನನ್ನತ್ತ ನೋಡಿದರು. ಚಿಕ್ಕಪ್ಪ ಮಡಚಿದ ಕೈಯೆತ್ತಿ ಅವರನ್ನು ತಡೆದ. ಇಡೀ ಮಂಟಪ ಸ್ತಬ್ಧವಾಗಿ ನನ್ನನ್ನೇ ನೋಡುತ್ತಿತ್ತು. ನನಗೆ ಅಲ್ಲೇ ಭೂಮಿ ಬಾಯಿ ಬಿಡಲಿ ಎನಿಸಿತು.

ಆಗ ಹಿಂದಿನ ಬಾಗಿಲಿನಿಂದ ಅಕ್ಕ ಬಂದಳು. ಕೈಯಲ್ಲಿ ಎಲೆ ಕಟ್ಟು ಹಾಗೇ ಇತ್ತು. ಯಾರನ್ನೂ ನೋಡದೆ ಜನರ ನಡುವಿನಿಂದ ಸೀದಾ ನಡೆದು, ಮೆಟ್ಟಿಲು ಹತ್ತಿ, ಮಂಟಪದ ಮೇಲೆ ನನ್ನ ಎದುರಿಗೇ ನಿಂತು, ಹಗೇವಿನ ಅಂಗಳದಲ್ಲಿ ನಾನು ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

"ಯಾಕೋ ಶಿವು, ಏನಾತೋ? ಯಾಕ ಕೇಳ್ತಿಲ್ಲ?"

ಪಕ್ಕದ ಕುರ್ಚಿಯಿಂದ ಚಿಕ್ಕಪ್ಪ ಬಾಗಿ, ಮಡಚಿದ ಬೆರಳುಗಳ ಹಿಂಬದಿಯಿಂದ ನನ್ನ ಗಿಟಾರಿನ ಗುಂಡಿಯನ್ನು ತಿರುಗಿಸಿದ. ನನ್ನ ಬಲಗೈ ಗಾಬರಿಯಲ್ಲಿ ಇನ್ನೂ ಆಡುತ್ತಲೇ ಇತ್ತೆಂದು ಕಾಣುತ್ತದೆ. ಮಂಟಪ ತುಂಬ ಒಮ್ಮೆಗೇ ಅಲೆ ಎದ್ದಿತು. ಸಹನಾ ತಲೆ ಎತ್ತಿದಳು. ಅವಳ ಅವ್ವ ಎರಡು ಮೊಳ ದೂರದಲ್ಲಿ ನಿಂತಿದ್ದಳು. ಅಕ್ಕನಿಗೆ ತಾನೆಲ್ಲಿ ನಿಂತಿದ್ದೇನೆಂದು ಆಗ ಅರಿವಾಯಿತು. ಹಿಂದಕ್ಕೆ ಸರಿಯಹೋದಳು. ಸಹನಾ ಕೈ ಚಾಚಿ ಅವಳ ಸೆರಗು ಹಿಡಿದುಕೊಂಡಳು, ಬಿಡಲಿಲ್ಲ.

ಮದುಮಗ ತಾಳಿ ಕಟ್ಟಿದ. ಅವನ ಕೈಯೂ ಹೊಸದು, ನನ್ನ ಕೈಯೂ ಹೊಸದು. ಅವನಿಗೆ ಗಂಟು ಜಾರುತ್ತಿತ್ತು, ನನಗೆ ಸ್ವರ ಜಾರುತ್ತಿತ್ತು. ವೇಗ ಚಿಕ್ಕಪ್ಪನ ಅರ್ಧದಷ್ಟೂ ಇರಲಿಲ್ಲ. ಗೀರಿನ ಈಚೆಗಿನದನ್ನೇ ಸುತ್ತಿ ಸುತ್ತಿ ಬಾರಿಸಿದೆ. ಮೂರನೇ ಗಂಟು ಬಿತ್ತು. ಅಕ್ಷತೆ ಮಳೆಯಾಗಿ ಸುರಿದು, ನಾಲ್ಕಾರು ಅಕ್ಕಿಕಾಳು ನನ್ನ ತಂತಿಗಳ ಮೇಲೂ ಬಿದ್ದು ಕುಣಿದವು. ಅಕ್ಕ ಎಲ್ಲವನ್ನೂ ಕಣ್ಣು ಬಿಟ್ಟು ನೋಡಿದಳು. ಅಳುತ್ತ ನೋಡಿದಳು. ನಾನೂ ಅತ್ತೆ, ಬಾರಿಸುವುದನ್ನು ನಿಲ್ಲಿಸಬೇಕೆಂದು ಯಾರೋ ಬಂದು ಹೇಳಬೇಕಾಯಿತು.

ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ, "ಹೊಸ ಕೈ ನೋಡ್ರಿ, ಗುಂಡಿ ತಿರುಗ್ಸೋದು ಮರ್ತಿದ್ದ" ಎಂದ. ಎಲ್ಲರೂ ನಕ್ಕರು. ನಾನು ಪೂರ್ತಿ ತಿರುಗಿಸಿಯೇ ಇಟ್ಟಿದ್ದೆ, ವಾದ್ಯ ನಿನ್ನ ತೊಡೆಯ ಮೇಲಿತ್ತು ಎನ್ನಬೇಕೆಂದು ಅವನ ಕಡೆ ತಿರುಗಿದೆ. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಮಡಚಿದ ಬೆರಳುಗಳನ್ನು ನನಗೆ ಕಾಣುವಂತೆ ಎಲೆಯ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಎದುರು ಸಾಲಿನಲ್ಲಿ ಅಕ್ಕ ಬೀಗರಿಗೆ ಬಡಿಸುತ್ತಿದ್ದಳು. ಹೌದು, ಮರೆತಿದ್ದೆ ಎಂದೆ.

ಅಂದಿನಿಂದ ನಾನು ಗುಂಡಿ ಮರೆತ ಮೇಷ್ಟ್ರು. ಆನವಟ್ಟಿಯ ಸಂತೆಗೆ ಹೋದರೆ ತರಕಾರಿಯವರೂ, ಈ ಸಲ ನೋಡ್ಕೊಂಡು ತಿರುಗ್ಸಿ ಸಾರ್ ಎನ್ನುತ್ತಾರೆ. ಇರಲಿ, ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ನಾನು ನಕ್ಕಿದ್ದೇನೆ. ಜಗಲಿಯ ಮೇಲೆ ಅಭ್ಯಾಸ ಇನ್ನೂ ನಡೆದಿದೆ. ಉತ್ತರಾರ್ಧವನ್ನು ನನಗಾಗಿ ಬಾರಿಸಿಕೊಳ್ಳುತ್ತೇನೆ. ಚಿಕ್ಕಪ್ಪ ಅದು ಶುರುವಾದೊಡನೆ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಾನೆ.

ಮೊನ್ನೆ ಸೊರಬದಿಂದ ದೂರದ ನೆಂಟರೊಬ್ಬರು ಫೋನ್ ಮಾಡಿದ್ದರು. ಅವರ ಮನೆಯಲ್ಲಿ ಮದುವೆಯಂತೆ, ನನ್ನ ಪೀಸು ಬೇಕಂತೆ. ವಧುವಿನ ತಂದೆ ಇಲ್ಲವೆಂದೂ ಹೇಳಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, ತಮಗೆ ಕ್ರಮ ಸರಿಯಾಗಿ ಗೊತ್ತಿಲ್ಲ ಎಂದು ವಿಚಾರಿಸಿಕೊಂಡರು.

"ಮೊದ್ಲು ಸ್ವಲ್ಪ ಹೊತ್ತು ಸದ್ದಿಲ್ದೆ ಬಾರಿಸ್ತೀರಂತಲ್ರೀ. ಹೆಣ್ಣಿನ ತಾಯಿ ಬಂದು ಮಂಟಪದ ಮೇಲೆ ನಿಂತ ಮೇಲೇನೇ ಮೇಳ ಕೇಳ್ಸೋದಂತೆ. ನಿಮ್ಮಲ್ಲಿ ಹಂಗೇ ಅಲ್ವೇನ್ರೀ?"

ನಾನು ಚಿಕ್ಕಪ್ಪನ ಕಡೆ ನೋಡಿದೆ. ಅವನು ರಸ್ತೆಯ ಕಡೆ ಮುಖ ಮಾಡಿಕೊಂಡಿದ್ದ.

"ಹೌದ್ರೀ," ಎಂದೆ, "ಹಂಗೇನೇ. ಹಿಂದಿನಿಂದ ಬಂದದ್ದು."